ಪಾತ್ರೆ ತೊಳೆಯೋ ಸರದಿಯಿಂದ ಬೆಟ್ಟ ಹತ್ತೋವರೆಗೆ: ಮಿಡಲ್ ಸ್ಕೂಲ್ ಮಕ್ಕಳಿಗೆ ವಸತಿ ಔಟ್‌ಡೋರ್ ಕ್ಯಾಂಪ್ ನಡೆಸೋಕೆ ಸಮಗ್ರ ಮಾರ್ಗದರ್ಶಿ

ಕ್ಯಾಂಪ್ ಮುಗ್ಸಿ ಬಂದ ಮಕ್ಕಳನ್ನ ಒಂದು ತಿಂಗಳು ಬಿಟ್ಟು ಕೇಳಿ ನೋಡಿ, ಏನು ನೆನಪಿದೆ ಅಂತ. ಹಗ್ಗದ ಮೇಲೆ ಜಾರಿದ್ದು, ಬಂಡೆ ಹತ್ತಿದ್ದು ಹೇಳ್ತಾರೆ, ಆದ್ರೆ ಅದು ಎರಡು ನಿಮಿಷಕ್ಕೆ ಮುಗಿದುಹೋಗತ್ತೆ. ಆಮೇಲೆ ಬರತ್ತೆ ನೋಡಿ ನಿಜವಾದ ಕತೆ. ರಾತ್ರಿ ಟೆಂಟ್ ಮೇಲೆ ನೀರು ನಿಂತಾಗ ಯಾರು ಎದ್ದು ಹೋಗಿ ಸರಿ ಮಾಡಿದ್ರು, ಅಡುಗೆ ಸೀದಾಗ ಯಾರ ಮೇಲೆ ಯಾರು ಕೂಗಾಡಿದ್ರು, ಮನೆ ನೆನಪಾಗಿ ಅಳ್ತಿದ್ದವನ ಪಕ್ಕ ಯಾರು ಬಂದು ಕೂತ್ರು, ಇದನ್ನೆಲ್ಲ ಅರ್ಧ ಗಂಟೆ ಹೇಳ್ತಾರೆ. ನಾನು ಈ ಗೈಡ್ ಬರೀತಿರೋದೇ ಅದಕ್ಕೆ. ಲೀಡರ್‌ಶಿಪ್ಪು ಟೀಮ್‌ವರ್ಕು ಅಂತ ನಾವು ಏನು ಕಲಿಸ್ಬೇಕು ಅಂತೀವೋ ಅದರ ಮುಕ್ಕಾಲು ಪಾಲು ಇರೋದು ಆ ರಾತ್ರಿಗಳಲ್ಲಿ, ಊಟದ ಸಾಲಿನಲ್ಲಿ, ಪಾತ್ರೆ ತೊಳೆಯೋ ಸರದಿಯಲ್ಲಿ. ಸಾಹಸದ ಆಟ ಬೇಡ ಅಂತ ಹೇಳ್ತಿಲ್ಲ, ಅದೂ ಬೇಕು, ಆದ್ರೆ ದುಡ್ಡೂ ಪ್ಲ್ಯಾನಿಂಗೂ ಎಲ್ಲಾ ಅದರ ಮೇಲೇ ಸುರಿದು ಉಳಿದ ಟೈಮನ್ನ ಹಂಗೇ ಬಿಟ್ರೆ ನೀವು ಮಾಡಿದ್ದು ಒಂದು ಪಿಕ್ನಿಕ್ ಆಗತ್ತೆ ಅಷ್ಟೇ.

ಈ ಯೋಚನೆ ಹೊಸದೇನಲ್ಲ. ಜರ್ಮನಿಯಿಂದ ನಾಜಿಗಳ ಕಾಟಕ್ಕೆ ಹೊರಟು ಬ್ರಿಟನ್ ಸೇರಿದ್ದ ಕರ್ಟ್ ಹಾನ್ ಅನ್ನೋ ಶಿಕ್ಷಕ, ಹಡಗು ಕಂಪನಿ ಯಜಮಾನ ಲಾರೆನ್ಸ್ ಹೋಲ್ಟ್ ಜೊತೆ ಸೇರ್ಕೊಂಡು 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಅನ್ನೋ ಔಟ್‌ಡೋರ್ ತರಬೇತಿ ಶಾಲೆ ಶುರು ಮಾಡಿದ್ರು. ಅದು ಯುದ್ಧದ ಟೈಮು, ಹಡಗು ಮುಳುಗಿದಾಗ ಲೈಫ್‌ಬೋಟಲ್ಲಿ ವಯಸ್ಸಾದ ನಾವಿಕರು ತಡ್ಕೊಳ್ತಾರೆ, ಗಟ್ಟಿಮುಟ್ಟಾಗಿರೋ ಹುಡುಗರೇ ಬೇಗ ಕೈಚೆಲ್ತಾರೆ ಅಂತ ಹೋಲ್ಟ್‌ಗೆ ಅನ್ನಿಸಿತ್ತು. ಅಂದ್ರೆ ಕೊರತೆ ಇದ್ದಿದ್ದು ತೋಳಿನ ಬಲದಲ್ಲಲ್ಲ, ಒಬ್ಬರಿಗೊಬ್ಬರು ಆಗೋದ್ರಲ್ಲಿ, ಕಷ್ಟದಲ್ಲಿ ತಲೆ ನಿಲ್ಲೋದ್ರಲ್ಲಿ. ಅವತ್ತಿಂದ ಇವತ್ತಿನವರೆಗೂ ವಿಷಯ ಅದೇ.

ಮೊದಲು ಏನು ಬೇಕು ಅಂತ ತೀರ್ಮಾನ ಮಾಡಿ

"ಮಕ್ಕಳಲ್ಲಿ ನಾಯಕತ್ವ ಬೆಳೆಸೋದು" ಅಂತ ಬರ್ಕೊಂಡ್ರೆ ಅದು ಯಾವ ಪ್ರಯೋಜನಕ್ಕೂ ಬರಲ್ಲ, ಯಾಕಂದ್ರೆ ಅದನ್ನ ಕಣ್ಣಲ್ಲಿ ನೋಡೋಕಾಗಲ್ಲ. ಕಣ್ಣಿಗೆ ಕಾಣೋ ಮೂರು ವಿಷಯ ಆರಿಸ್ಕೊಳ್ಳಿ, ಮೂರೇ ಸಾಕು. ಉದಾಹರಣೆಗೆ, ಇನ್ನೊಬ್ಬರ ಮಾತು ಮುಗಿಯೋವರೆಗೂ ಕೇಳೋದು, ಸಹಾಯ ಬೇಕಾದ್ರೆ ಬಾಯಿಬಿಟ್ಟು ಕೇಳೋದು, ಯಾರೂ ಹೇಳದೇ ಇದ್ರೂ ಮಾಡ್ಬೇಕಾದ ಕೆಲಸ ಕಂಡು ಮಾಡೋದು. ಇದನ್ನ ಕ್ಯಾಂಪಿಗೆ ಬರೋ ಎಲ್ಲಾ ದೊಡ್ಡವರ ಹತ್ರಾನೂ ಬರೆದು ಕೊಟ್ಟಿರಿ. ಐದು ದಿನ ಅವರ ಕಣ್ಣು ಆ ಮೂರರ ಮೇಲೇ ಇರ್ಲಿ.

11ರಿಂದ 14 ವಯಸ್ಸಿನವರಿಗೇ ಇದು ಯಾಕೆ ಅಷ್ಟು ಹೊಂದತ್ತೆ ಅಂತ ಒಂಚೂರು ಹೇಳ್ಬಿಡ್ತೀನಿ. ಈ ವಯಸ್ಸಲ್ಲಿ ಅಪ್ಪ ಅಮ್ಮ ಟೀಚರ್ ಏನಂದ್ಕೊಳ್ತಾರೆ ಅನ್ನೋದಕ್ಕಿಂತ ಜೊತೆಯವರು ಏನಂದ್ಕೊಳ್ತಾರೆ ಅನ್ನೋದೇ ದೊಡ್ಡದಾಗ್ತಾ ಬರತ್ತೆ. 2005ರಲ್ಲಿ ಗಾರ್ಡ್ನರ್ ಮತ್ತೆ ಸ್ಟೈನ್‌ಬರ್ಗ್ ಅನ್ನೋ ಸಂಶೋಧಕರು ಒಂದು ಕಾರ್ ಗೇಮ್ ಆಡ್ಸಿ ನೋಡಿದ್ರು, 13ರಿಂದ 16 ವಯಸ್ಸಿನವರು ಒಬ್ರೇ ಇದ್ದಾಗಿಗಿಂತ ಸ್ನೇಹಿತರು ನೋಡ್ತಿದ್ದಾಗ ತುಂಬಾ ಜಾಸ್ತಿ ರಿಸ್ಕ್ ತಗೊಂಡ್ರು, ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಇದನ್ನ ಓದಿ ಭಯ ಬೀಳೋರೇ ಜಾಸ್ತಿ, ಆದ್ರೆ ನನಗೆ ಇದು ಎರಡು ಕಡೆ ಹರಿತ ಇರೋ ಕತ್ತಿ ತರ ಕಾಣತ್ತೆ. ಜೊತೆಯವರ ಕಣ್ಣು ಮಗುನ ಕೆಟ್ಟ ಸಾಹಸಕ್ಕೂ ತಳ್ಳಬಹುದು, "ನಾನು ಬ್ಯಾಗ್ ಹೊರ್ತೀನಿ ಕೊಡು" ಅನ್ನೋ ಕಡೆಗೂ ತಳ್ಳಬಹುದು. ಯಾವ ಕಡೆ ಅನ್ನೋದು ಗುಂಪಿನ ವಾತಾವರಣದ ಮೇಲೆ ಇರತ್ತೆ, ಅದನ್ನ ಕಟ್ಟೋದೇ ನಮ್ಮ ಕೆಲಸ.

ಎಷ್ಟು ದಿನ, ಎಷ್ಟು ಜನ

ಕೈಲಾದ್ರೆ ನಾಲ್ಕು ರಾತ್ರಿ ಐದು ದಿನ ಮಾಡಿ. ಒಂದು ರಾತ್ರಿ ಕ್ಯಾಂಪ್ ಖುಷಿಗೆ ಚೆನ್ನಾಗಿರತ್ತೆ, ಆದ್ರೆ ಟೀಮ್ ಆಗಲ್ಲ. ಬ್ರೂಸ್ ಟಕ್ಮನ್ ಅನ್ನೋ ಮನಶ್ಶಾಸ್ತ್ರಜ್ಞ 1965ರಲ್ಲಿ ಹೇಳಿದ ಹಂತಗಳು ಗೊತ್ತಿರ್ಬಹುದು: ಗುಂಪು ಮೊದಲು ಸೇರತ್ತೆ, ಆಮೇಲೆ ಕಿತ್ತಾಡತ್ತೆ, ಆಮೇಲೆ ಒಂದು ರೀತಿ ರಿವಾಜು ಮಾಡ್ಕೊಳತ್ತೆ, ಕೊನೆಗೆ ನಿಜವಾಗಿ ಕೆಲಸ ಮಾಡತ್ತೆ. ನಾನು ನೋಡಿರೋ ಹಂಗೆ ಮಿಡಲ್ ಸ್ಕೂಲ್ ಮಕ್ಕಳಲ್ಲಿ ಮೊದಲ ದಿನ ಎಲ್ಲರೂ ಸಕ್ಕರೆ ತರ ಇರ್ತಾರೆ, ಎರಡನೇ ದಿನ ಸಾಯಂಕಾಲಕ್ಕೆ ಸುಸ್ತಾಗಿ ಮುಖವಾಡ ಕಳಚತ್ತೆ, ಜಗಳ ಶುರು. ಎರಡು ದಿನದ ಕ್ಯಾಂಪ್ ಆದ್ರೆ ನೀವು ಜಗಳ ಶುರುವಾದ ಟೈಮಿಗೆ ಕರೆಕ್ಟಾಗಿ ಬಸ್ ಹತ್ತಿಸ್ತೀರ. ಮೂರನೇ ನಾಲ್ಕನೇ ದಿನ ಸಿಕ್ಕಿದ್ರೇನೇ ಆ ಜಗಳ ದಾಟಿದ ಮೇಲೆ ಬರೋ ಗಟ್ಟಿತನ ಮಕ್ಕಳಿಗೆ ಸಿಗೋದು.

ಗುಂಪಲ್ಲಿ ಎಂಟರಿಂದ ಹತ್ತು ಜನ ಇರ್ಲಿ. ಹನ್ನೆರಡು ದಾಟಿದ್ರೆ ಇಬ್ಬರು ಮೂವರು ಹಿಂದೆ ಬಚ್ಚಿಟ್ಕೊಳ್ತಾರೆ, ಆರಕ್ಕಿಂತ ಕಮ್ಮಿ ಆದ್ರೆ ಇಬ್ಬರ ಮುನಿಸು ಇಡೀ ಗುಂಪನ್ನ ನುಂಗತ್ತೆ. ಗುಂಪು ಮಾಡೋಕೆ ಮುಂಚೆ ಪ್ರತಿ ಮಗು ಹತ್ರ ಒಂದು ಚೀಟಿಯಲ್ಲಿ ಮೂರು ಹೆಸರು ಬರೆಸಿ, ಯಾರ ಜೊತೆ ಇರೋಕೆ ಇಷ್ಟ ಅಂತ. ಆ ಮೂವರಲ್ಲಿ ಒಬ್ಬರನ್ನ ಮಾತ್ರ ಗ್ಯಾರಂಟಿಯಾಗಿ ಕೊಡಿ. ಒಬ್ಬನೂ ಸ್ನೇಹಿತ ಇಲ್ಲದ ಗುಂಪಲ್ಲಿ ಮಗು ಮುದುಡ್ಕೊಳತ್ತೆ, ಎಲ್ಲಾ ಸ್ನೇಹಿತರೇ ಇದ್ರೆ ಹೊಸಬರ ಮುಖಾನೇ ನೋಡಲ್ಲ. ಆ ಚೀಟಿಗಳಲ್ಲಿ ಇನ್ನೊಂದು ವಿಷಯ ಸಿಗತ್ತೆ: ಯಾರೂ ಹೆಸರು ಬರೆದಿರದ ಮಗು ಯಾವುದು ಅಂತ. ಆ ಹೆಸರು ನಿಮ್ಮ ಜೇಬಲ್ಲಿ ಇರ್ಲಿ, ಐದು ದಿನ ಮರೀಬೇಡಿ.

ಹೊರಡೋಕೆ ಮುಂಚಿನ ಸೇಫ್ಟಿ ಕೆಲಸ

ಇದು ಬೋರಿಂಗ್ ಅನ್ಸಬಹುದು, ಆದ್ರೆ ಇದು ಗಟ್ಟಿಯಾಗಿದ್ರೆ ಮಾತ್ರ ಆಮೇಲೆ ನೀವು ಧೈರ್ಯವಾಗಿ ಕೈ ಕಟ್ಕೊಂಡು ಮಕ್ಕಳನ್ನ ಮಾಡೋಕೆ ಬಿಡೋದಕ್ಕೆ ಆಗೋದು.

ಜಾಗನ ಮುಂಚೆ ಹೋಗಿ ನೋಡಿ, ಫೋಟೋ ನೋಡಿ ಬುಕ್ ಮಾಡ್ಬೇಡಿ. ನಡೆಯೋ ದಾರಿನ ನೀವೇ ನಡೀರಿ. ಫೋನ್ ಸಿಗ್ನಲ್ ಎಲ್ಲಿ ಸಿಗತ್ತೆ ಎಲ್ಲಿ ಸಿಗಲ್ಲ, ಹತ್ತಿರದ ಆಸ್ಪತ್ರೆಗೆ ಗಾಡಿಯಲ್ಲಿ ಎಷ್ಟು ನಿಮಿಷ, ನೀರು ಎಲ್ಲಿಂದ, ರಾತ್ರಿ ಟಾಯ್ಲೆಟ್ ದಾರಿಯಲ್ಲಿ ಬೆಳಕು ಇದೆಯಾ, ಇಷ್ಟೂ ಬರ್ಕೊಳ್ಳಿ. ಒಂದು ಗಾಡಿ ಡ್ರೈವರ್ ಸಮೇತ ಇಪ್ಪತ್ನಾಲ್ಕು ಗಂಟೆ ಅಲ್ಲೇ ಇರ್ಬೇಕು, ಇದರಲ್ಲಿ ಚೌಕಾಸಿ ಬೇಡ.

ಪ್ರತಿ ಮಗುವಿನ ಅಲರ್ಜಿ, ಔಷಧಿ, ಆಸ್ತಮಾ, ನಿದ್ದೆಯಲ್ಲಿ ನಡೆಯೋದು, ಹಾಸಿಗೆ ಒದ್ದೆ ಮಾಡ್ಕೊಳ್ಳೋದು ಎಲ್ಲಾ ಪೇರೆಂಟ್ಸ್ ಹತ್ರ ಬರೆಸ್ಕೊಳ್ಳಿ. ಈ ಕೊನೇದು ಎಷ್ಟೋ ಮಕ್ಕಳು ಕ್ಯಾಂಪಿಗೆ ಬರೋದೇ ಇಲ್ಲ ಅನ್ನೋಕೆ ಕಾರಣ, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ಒಬ್ಬ ಟೀಚರ್‌ಗೆ ಮಾತ್ರ ಗೊತ್ತಿರತ್ತೆ, ರಾತ್ರಿ ಮಲಗೋ ಮುಂಚೆ ಮತ್ತೆ ಮಧ್ಯರಾತ್ರಿ ಸದ್ದಿಲ್ಲದೇ ಎಬ್ಬಿಸ್ತಾರೆ, ಒಂದು ಜೊತೆ ಒಣಗಿದ ಬಟ್ಟೆ ಗುಟ್ಟಾಗಿ ಇಟ್ಕೊಂಡಿರ್ತಾರೆ ಅಂತ ಹೇಳಿದ್ರೆ ಅಂಥ ಮಗು ಬರತ್ತೆ.

ದೊಡ್ಡವರು ಯಾವತ್ತೂ ಒಂದು ಮಗು ಜೊತೆ ಒಬ್ಬರೇ ಮುಚ್ಚಿದ ಜಾಗದಲ್ಲಿ ಇರಬಾರದು. ಯಾವಾಗಲೂ ಇಬ್ಬರು ದೊಡ್ಡವರು, ಇಲ್ಲಾಂದ್ರೆ ಬೇರೆಯವರಿಗೆ ಕಾಣೋ ಜಾಗ. ಮಲಗೋ ಜಾಗ ದೊಡ್ಡವರದ್ದು ಬೇರೆ, ಆದ್ರೆ ಕೂಗಿದ್ರೆ ಕೇಳೋ ದೂರ.

ಗುಡುಗು ಮಿಂಚಿಗೆ 30-30 ರೂಲ್ ಎಲ್ಲರಿಗೂ ಬಾಯಿಪಾಠ ಆಗ್ಲಿ, ಮಕ್ಕಳಿಗೂ. ಮಿಂಚು ಕಂಡಮೇಲೆ ಎಣಿಸೋಕೆ ಶುರು ಮಾಡಿ, 30 ಸೆಕೆಂಡ್ ಒಳಗೆ ಗುಡುಗು ಕೇಳಿದ್ರೆ ತಕ್ಷಣ ಗಟ್ಟಿ ಕಟ್ಟಡದ ಒಳಗೆ ಅಥವಾ ಮುಚ್ಚಿದ ಗಾಡಿ ಒಳಗೆ, ಕೊನೇ ಗುಡುಗು ಕೇಳಿ 30 ನಿಮಿಷ ಆಗೋವರೆಗೂ ಹೊರಗೆ ಬರಂಗಿಲ್ಲ. ಶಬ್ದ ಒಂದು ಕಿಲೋಮೀಟರ್ ಬರೋಕೆ ಸುಮಾರು 3 ಸೆಕೆಂಡ್ ತಗೊಳತ್ತೆ, ಹಂಗಾಗಿ 30 ಸೆಕೆಂಡ್ ಅಂದ್ರೆ ಹತ್ತು ಕಿಲೋಮೀಟರ್ ದೂರ. ಟೆಂಟ್ ಸೇಫ್ ಅಲ್ಲ, ಮರದ ಕೆಳಗಂತೂ ಅಲ್ವೇ ಅಲ್ಲ.

ಪೇರೆಂಟ್ಸ್ ಮೀಟಿಂಗಲ್ಲಿ ಒಂದು ಮಾತು ಒತ್ತಿ ಹೇಳಿ. ಮಗುಗೆ "ಬೇಜಾರಾದ್ರೆ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ" ಅಂತ ಮಾತು ಕೊಡ್ಬೇಡಿ ಅಂತ. ಪ್ರೀತಿಯಿಂದ ಹೇಳೋ ಮಾತೇ, ಆದ್ರೆ ಮಗುಗೆ ಅದು ಕೇಳಿಸೋದು "ನಿನ್ನ ಕೈಲಿ ಆಗಲ್ಲ ಅಂತ ನಂಗೂ ಗೊತ್ತು" ಅಂತ. ಅದರ ಬದ್ಲು ಮುಂಚೆ ಒಂದೆರಡು ರಾತ್ರಿ ನೆಂಟರ ಮನೇಲಿ ಅಥವಾ ಸ್ನೇಹಿತರ ಮನೇಲಿ ಮಲಗಿ ಅಭ್ಯಾಸ ಮಾಡಿಸ್ಲಿ, ಬ್ಯಾಗ್ ಒಳಗೆ ಒಂದು ಕಾಗದ ಬರೆದು ಇಡ್ಲಿ. ಬ್ಯಾಗನ್ನ ಮಗುನೇ ತುಂಬ್ಬೇಕು, ಇಲ್ಲಾಂದ್ರೆ ಟಾರ್ಚ್ ಎಲ್ಲಿದೆ ಅಂತ ಅದಕ್ಕೇ ಗೊತ್ತಿರಲ್ಲ.

ಫೋನ್ ಬಗ್ಗೆ

ಬೇಡ. ಮಕ್ಕಳಿಗೂ ಬೇಡ, ದೊಡ್ಡವರೂ ಮಕ್ಕಳ ಎದುರಿಗೆ ತೆಗೀಬಾರದು, ತುರ್ತಿಗೆ ಅಂತ ಒಂದೆರಡು ಮಾತ್ರ. 2014ರಲ್ಲಿ ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನ ಇದೆ, 51 ಜನ ಆರನೇ ಕ್ಲಾಸ್ ಮಕ್ಕಳು ಐದು ದಿನ ಔಟ್‌ಡೋರ್ ಕ್ಯಾಂಪಲ್ಲಿ ಯಾವ ಸ್ಕ್ರೀನೂ ಇಲ್ದೇ ಇದ್ರು, ಅದೇ ಸ್ಕೂಲಿನ 54 ಮಕ್ಕಳು ಎಂದಿನಂತೆ ಇದ್ರು. ಐದು ದಿನ ಆದಮೇಲೆ ಮುಖ ನೋಡಿ ಭಾವನೆ ಗುರುತಿಸೋದ್ರಲ್ಲಿ ಕ್ಯಾಂಪಿಗೆ ಹೋಗಿದ್ದ ಮಕ್ಕಳು ಇನ್ನೊಂದು ಗುಂಪಿಗಿಂತ ಜಾಸ್ತಿ ಸುಧಾರಿಸಿದ್ರು. ಟೀಮ್‌ವರ್ಕ್ ಅಂದ್ರೆ ಇನ್ನೇನು, ಪಕ್ಕದವನ ಮುಖ ಸಣ್ಣಗಾಗಿದೆ ಅಂತ ಅವನು ಹೇಳೋಕೆ ಮುಂಚೆ ಗೊತ್ತಾಗೋದೇ ತಾನೇ.

ಸರದಿ ಪದ್ಧತಿ: ಎಲ್ಲರೂ ಲೀಡರ್, ಎಲ್ಲರೂ ಹಿಂಬಾಲಕರು

ಕ್ಯಾಂಪಿನ ಬೆನ್ನೆಲುಬೇ ಇದು, ನಿಧಾನವಾಗಿ ಓದಿ. ಎಷ್ಟೋ ಕ್ಯಾಂಪಲ್ಲಿ ಒಬ್ಬ ಚುರುಕು ಹುಡುಗನ್ನೋ ಹುಡುಗಿನೋ ಗ್ರೂಪ್ ಲೀಡರ್ ಮಾಡಿ ಐದು ದಿನ ಅವರೇ ಇರ್ತಾರೆ, ಕ್ಲಾಸಲ್ಲೂ ಅವರೇ ಮಾನಿಟರ್ ಆಗಿದ್ದೋರು. ಅವರು ಹೊಸದೇನೂ ಕಲಿಯಲ್ಲ, ಉಳಿದ ಒಂಬತ್ತು ಜನ "ನಾವು ಲೀಡರ್ ಜಾತಿಯವರಲ್ಲ" ಅನ್ನೋದನ್ನ ಇನ್ನೊಂದ್ಸಲ ಕಲೀತಾರೆ.

ದಿನನ ಬೆಳಗ್ಗೆ, ಸಾಯಂಕಾಲ ಅಂತ ಎರಡು ಪಾಲು ಮಾಡಿ, ಐದು ದಿನಕ್ಕೆ ಹತ್ತು ಸರದಿ, ಹತ್ತು ಜನಕ್ಕೂ ಒಂದೊಂದು. ಪ್ರತಿ ಸರದಿಯಲ್ಲಿ ಲೀಡರ್ ಜೊತೆ ಇನ್ನೂ ಕೆಲಸಗಳು ಸುತ್ತುತಾ ಇರ್ಲಿ: ಟೈಮ್ ನೋಡೋರು ಒಬ್ರು, ನಕ್ಷೆ ಹಿಡಿಯೋರು ಇಬ್ರು, ಎಲ್ಲರೂ ನೀರು ಕುಡಿದ್ರಾ ಅಂತ ನೋಡೋರು ಒಬ್ರು, ಫಸ್ಟ್ ಏಡ್ ಬ್ಯಾಗ್ ಹೊರೋರು ಒಬ್ರು, ನಡೆದಿದ್ದನ್ನ ಬರೆಯೋರು ಒಬ್ರು, ಸಾಲಿನ ಕೊನೆಯಲ್ಲಿ ನಡೆಯೋರು ಒಬ್ರು. ಈ ಕೊನೆಯವರ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಅವರ ಹಿಂದೆ ಮಗು ಯಾವುದೂ ಇರಬಾರದು ಅನ್ನೋದೊಂದೇ ರೂಲ್, ಹಂಗಾಗಿ ಅತಿ ನಿಧಾನ ನಡೆಯೋರ ಜೊತೆ ಅವರು ನಡೀಲೇಬೇಕು. ಕ್ಲಾಸಲ್ಲಿ ಎಲ್ಲದರಲ್ಲೂ ಫಸ್ಟ್ ಬರೋ ಮಗುಗೆ ಮೊದಲನೇ ದೊಡ್ಡ ನಡಿಗೆಯಲ್ಲಿ ಇದನ್ನೇ ಕೊಡಿ.

ಲೀಡರ್ ಆಗೋ ಮಗು ಜೊತೆ ಸರದಿಗೆ ಮುಂಚೆ ಐದು ನಿಮಿಷ ಕೂತ್ಕೊಳ್ಳಿ, ಎಲ್ಲರಿಗೂ ಕಾಣೋ ಜಾಗದಲ್ಲೇ. ಮೂರೇ ಪ್ರಶ್ನೆ ಕೇಳಿ: ಈ ಅರ್ಧ ದಿನದಲ್ಲಿ ಏನೇನು ಆಗ್ಬೇಕು, ಯಾರಿಗೆ ಕಷ್ಟ ಆಗಬಹುದು, ನಿನಗೆ ಏನಾದ್ರೂ ಭಯ ಇದೆಯಾ. ಉತ್ತರ ನೀವು ಕೊಡ್ಬೇಡಿ. ಸರದಿ ಮುಗಿದ ಮೇಲೆ ಇನ್ನೊಂದೈದು ನಿಮಿಷ, ಏನು ಚೆನ್ನಾಗಾಯ್ತು, ಇನ್ನೊಂದ್ಸಲ ಸಿಕ್ಕಿದ್ರೆ ಏನು ಬೇರೆ ತರ ಮಾಡ್ತೀಯ. ನೀವು ನೋಡಿದ ಒಂದು ನಿರ್ದಿಷ್ಟ ವಿಷಯ ಹೇಳಿ. "ಗುಡ್ ಜಾಬ್" ಅಂದ್ರೆ ಮಗುಗೆ ಏನೂ ಸಿಗಲ್ಲ, "ತಿರುವಿನ ಹತ್ರ ನಿಂತು ಹಿಂದೆ ತಿರುಗಿ ತಲೆ ಎಣಿಸಿದ್ಯಲ್ಲ, ಅದನ್ನ ನಾನು ನೋಡ್ದೆ" ಅಂದ್ರೆ ಸಿಗತ್ತೆ.

ಅಡುಗೆ, ಪಾತ್ರೆ, ಗುಡಿಸೋದು, ಟಾಯ್ಲೆಟ್ ಕ್ಲೀನ್ ಮಾಡೋದು, ಎಲ್ಲಾ ಇದೇ ಸರದಿಯಲ್ಲಿ ಬರ್ಲಿ, ಲೀಡರ್ ಆದೋರಿಗೆ ರಿಯಾಯಿತಿ ಇಲ್ಲ. ಟೀಚರ್‌ಗಳ ಹೆಸರೂ ಪಟ್ಟಿಯಲ್ಲಿ ಇರ್ಲಿ, ಮಕ್ಕಳು ಅದನ್ನೇ ಮೊದಲು ನೋಡ್ತಾರೆ.

ದಿನದಿಂದ ದಿನಕ್ಕೆ

ಮೊದಲನೇ ದಿನ ಹೆಚ್ಚೇನೂ ತುರುಕಬೇಡಿ. ಜಾಗ ಸುತ್ತಾಡಿಸಿ, ಎಲ್ಲಿಗೆ ಹೋಗಬಹುದು ಎಲ್ಲಿಗೆ ಹೋಗಬಾರದು ತೋರಿಸಿ, ಟೆಂಟ್ ಹಾಕಿಸಿ. ಟೆಂಟ್ ಹಾಕೋದನ್ನ ತೋರಿಸ್ಕೊಡ್ಬೇಡಿ, ಒಂದು ಟೆಂಟ್ ನೀವು ಹಾಕಿ ನಿಲ್ಸಿ, ಅದನ್ನ ಸುತ್ತಿ ನೋಡ್ಕೊಂಡು ಬಂದು ಅವರೇ ಹಾಕ್ಲಿ. ಸಾಯಂಕಾಲ ಗುಂಪಿನ ಒಪ್ಪಂದ ಬರೆಸಿ. "ಎಲ್ಲರೂ ಗೌರವದಿಂದ ಇರ್ಬೇಕು" ಅಂತ ಬರೀತಾರೆ ಮೊದಲು, ಸ್ಕೂಲಲ್ಲಿ ಕೇಳಿ ಕೇಳಿ ಬಂದಿರೋ ವಾಕ್ಯ ಅದು. ಆಗ ಕೇಳಿ, ಗೌರವ ಅಂದ್ರೆ ನಾಳೆ ಬೆಳಗ್ಗೆ ಆರು ಗಂಟೆಗೆ ಟೆಂಟಲ್ಲಿ ಹೆಂಗಿರತ್ತೆ ಅಂತ. ಆಗ ಬರತ್ತೆ, "ಮಲಗಿರೋರ ಮೇಲೆ ಟಾರ್ಚ್ ಬಿಡಬಾರದು", "ಒಬ್ರ ಬ್ಯಾಗನ್ನ ಇನ್ನೊಬ್ರು ಮುಟ್ಟಬಾರದು". ಅದನ್ನ ಬರ್ಕೊಂಡು ಎಲ್ಲರೂ ಸಹಿ ಹಾಕ್ಲಿ.

ಎರಡನೇ ದಿನ ಸವಾಲುಗಳು. ದುಬಾರಿ ಸಲಕರಣೆ ಬೇಡ, ಒಂದು ಉದಾಹರಣೆ ಪೂರ್ತಿ ಕೊಡ್ತೀನಿ. 15 ಮೀಟರ್ ಹಗ್ಗದ ಎರಡು ತುದಿ ಗಂಟು ಹಾಕಿ ನೆಲದ ಮೇಲೆ ಇಡಿ, ಎಂಟು ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಉಳಿದ ಇಬ್ಬರು ಕಣ್ಣು ಕಟ್ಕೊಳ್ದೇ ಯಾರೂ ಎಡವದ ಹಂಗೆ ಕಾಯೋರು, ಅವರು ಮಾತಾಡಂಗಿಲ್ಲ, ಬೀಳೋ ಹಂಗಿದ್ರೆ ಮಾತ್ರ "ನಿಲ್ಲಿ" ಅನ್ನಬಹುದು. ಕಣ್ಣು ಕಟ್ಟಿದೋರೆಲ್ಲ ಹಗ್ಗ ಹಿಡ್ಕೊಂಡು 20 ನಿಮಿಷದಲ್ಲಿ ಸರಿಯಾದ ಚೌಕ ಮಾಡ್ಬೇಕು. ಮೊದಲ ಐದು ನಿಮಿಷ ಎತ್ತು ಏರಿಗೆ ಕೋಣ ನೀರಿಗೆ. ಎಲ್ಲರೂ ಒಟ್ಟಿಗೆ ಕೂಗ್ತಾರೆ, ಒಳ್ಳೇ ಐಡಿಯಾ ಇರೋ ಮೆತ್ತನೆ ದನಿ ಮಗು ಒಂದ್ಸಲ ಹೇಳಿ ಸುಮ್ನಾಗತ್ತೆ. ಇಲ್ಲಿ ನಿಮ್ಮ ಬಾಯಿ ತುಂಬಾ ತುರಿಸತ್ತೆ, ಹೇಳ್ಬೇಡಿ. ಚೌಕ ಆಗ್ದೇ ಇದ್ರೂ ಪರವಾಗಿಲ್ಲ. ಆಮೇಲೆ ಕೂತಾಗ "ಯಾರ ಹತ್ರ ಐಡಿಯಾ ಇತ್ತು, ಯಾರಿಗೂ ಕೇಳಿಸಲಿಲ್ಲ?" ಅಂತ ಕೇಳಿ. ಆ ಮೆತ್ತನೆ ಕೈ ಮೇಲೆ ಬರತ್ತೆ. ಊಟ ಆದಮೇಲೆ ಅದೇ ಆಟನ ಮತ್ತೆ ಆಡಿಸಿ, ಎರಡನೇ ಸಲ ಅವರೇ ಸರದಿ ಮೇಲೆ ಮಾತಾಡೋ ಪದ್ಧತಿ ಮಾಡ್ಕೊಂಡಿರ್ತಾರೆ. ಬೇರೆ ಬೇರೆ ಹತ್ತು ಆಟ ಆಡಿಸೋದಕ್ಕಿಂತ ಒಂದೇ ಆಟ ಎರಡು ಸಲ ಆಡಿಸಿ ಮಧ್ಯೆ ಮಾತಾಡಿಸೋದು ಎಷ್ಟೋ ಮೇಲು.

ಮೂರನೇ ದಿನ ದೊಡ್ಡ ನಡಿಗೆ, ನಕ್ಷೆ ಮತ್ತೆ ದಿಕ್ಸೂಚಿ ಮಕ್ಕಳ ಕೈಯಲ್ಲಿ. ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕೋಕೆ ನೈಸ್ಮಿತ್ ಅನ್ನೋ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಹೇಳಿದ ಸೂತ್ರ ಈಗಲೂ ಉಪಯೋಗಕ್ಕೆ ಬರತ್ತೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ದಾರಿ 6 ಕಿಲೋಮೀಟರ್, ಏರು 300 ಮೀಟರ್ ಇದ್ರೆ 72 ನಿಮಿಷ ಪ್ಲಸ್ 30 ನಿಮಿಷ, ಅಂದ್ರೆ 1 ಗಂಟೆ 42 ನಿಮಿಷ. ಆದ್ರೆ ಅದು ಗಟ್ಟಿ ನಡೆಯೋ ದೊಡ್ಡವರ ಲೆಕ್ಕ, ರೆಸ್ಟ್ ಸೇರಿಲ್ಲ. ಮಕ್ಕಳು ನಿಂತು ಹುಳ ನೋಡಿ, ಜಗಳ ಆಡಿ, ದಾರಿ ತಪ್ಪಿ ಹೋಗೋರು, ಅದನ್ನ ಡಬಲ್ ಮಾಡಿ, ಮೂರೂವರೆ ಗಂಟೆ ಇಟ್ಕೊಳ್ಳಿ. ಈ ಲೆಕ್ಕ ಹಿಂದಿನ ರಾತ್ರಿ ಮಕ್ಕಳ ಕೈಲೇ ಹಾಕಿಸಿ, ಕತ್ತಲಾಗೋಕೆ ಎರಡು ಗಂಟೆ ಮುಂಚೆ ವಾಪಸ್ ಬರೋ ಹಂಗೆ ಹೊರಡೋ ಟೈಮ್ ಅವರೇ ಹೇಳ್ಲಿ. ಬ್ಯಾಗ್ ತೂಕ ಮಗುವಿನ ತೂಕದ ಹತ್ತನೇ ಒಂದು ಭಾಗದ ಸುತ್ತಮುತ್ತ ಇದ್ರೆ ಸಾಕು.

ನಡೆಯುವಾಗ ಒಬ್ಬರು ದೊಡ್ಡವರು ಸಾಲಿನ ಮಧ್ಯೆ ಬಾಯಿ ಮುಚ್ಕೊಂಡು, ಇನ್ನೊಬ್ಬರು ಸ್ವಲ್ಪ ಹಿಂದೆ. ಕವಲು ದಾರೀಲಿ ತಪ್ಪು ಕಡೆ ತಿರುಗ್ತಾರೆ, ತಿರುಗೇ ತಿರುಗ್ತಾರೆ. ದಾರಿ ನೀವು ಮೊದಲೇ ನಡೆದು ನೋಡಿರೋದ್ರಿಂದ ಆ ತಪ್ಪು ದಾರೀಲಿ ಅಪಾಯ ಇಲ್ಲ ಅಂತ ನಿಮಗೆ ಗೊತ್ತಿದ್ರೆ ಹತ್ತು ಹದಿನೈದು ನಿಮಿಷ ಹೋಗೋಕೆ ಬಿಡಿ. ಅವರಲ್ಲೇ ಯಾರೋ ಒಬ್ರು "ಹೊಳೆ ನಮ್ಮ ಎಡಗಡೆ ಇರ್ಬೇಕಿತ್ತಲ್ವಾ" ಅಂತಾರೆ. ಆ ಒಂದು ವಾಕ್ಯಕ್ಕೋಸ್ಕರ ಆ ಹದಿನೈದು ನಿಮಿಷ ಕೊಡಬಹುದು. ಆಮೇಲೆ ತಪ್ಪಿಸಿದವರ ಮೇಲೆ ಎಗರಿ ಬೀಳ್ತಾರಾ ಅಥವಾ ಎಲ್ಲರೂ ಸೇರಿ ನಕ್ಷೆ ನೋಡ್ತಾರಾ ಅನ್ನೋದನ್ನ ಗಮನಿಸಿ ನೆನಪಿಟ್ಕೊಳ್ಳಿ, ರಾತ್ರಿ ಮಾತಾಡೋಕೆ ಅದೇ ವಿಷಯ.

ನಾಲ್ಕನೇ ದಿನದ ಪ್ಲ್ಯಾನ್ ಪೂರ್ತಿ ಮಕ್ಕಳದ್ದು. ಏನು ಮಾಡ್ಬೇಕು, ಎಷ್ಟೊತ್ತಿಗೆ, ಊಟ ಯಾವಾಗ, ಎಲ್ಲಾ. ನೀವು ಎರಡು ವಿಷಯ ಮಾತ್ರ ಇಟ್ಕೊಳ್ಳಿ, ಬೆಳಗ್ಗೆ 20 ನಿಮಿಷ ಪ್ರತಿ ಮಗುನೂ ಒಂದೊಂದು ಮರದ ಹತ್ರ ಒಂಟಿಯಾಗಿ ಸುಮ್ನೆ ಕೂರೋದು, ನಿಮ್ಮ ಕಣ್ಣಿಗೆ ಕಾಣೋ ದೂರದಲ್ಲಿ, ಆಮೇಲೆ ರಾತ್ರಿ ಟಾರ್ಚ್ ಇಲ್ಲದ ನಡಿಗೆ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಹಂಗಾಗಿ ಮೊದಲು ಸುಮ್ನೆ ಕೂತು ಕಾಯಿಸಿ, ಸಮತಟ್ಟಾದ ಗೊತ್ತಿರೋ ದಾರಿ ಮಾತ್ರ. ಕತ್ತಲಲ್ಲಿ ಮಕ್ಕಳು ಯಾರೂ ಹೇಳದೇ ಒಬ್ಬರ ಕೈ ಇನ್ನೊಬ್ಬರು ಹಿಡ್ಕೊಳ್ತಾರೆ, ಎರಡನೇ ದಿನ ಮಾತು ಬಿಟ್ಟಿದ್ದೋರೂ.

ಐದನೇ ದಿನ ಜಾಗನ ಬಂದಾಗ ಇದ್ದಿದ್ದಕ್ಕಿಂತ ಚೆನ್ನಾಗಿ ಮಾಡಿ ಬಿಡೋದು, ಒಂದು ಕಾಗದ ಬರೆಯೋದು. ಕಾಗದದ ವಿಷಯ ಕೊನೆಗೆ ಹೇಳ್ತೀನಿ.

ಯಾವಾಗ ಮಧ್ಯೆ ಬರ್ಬೇಕು, ಯಾವಾಗ ಬರಬಾರದು

ಹೊಸ ಟೀಚರ್‌ಗಳು ಕೇಳೋ ಪ್ರಶ್ನೆ ಇದೇ. ಮಗುಗೆ ಪೆಟ್ಟಾಗೋ ಹಂಗಿದ್ರೆ ತಕ್ಷಣ, ಯೋಚ್ನೆನೇ ಬೇಡ. ಮಗುಗೆ ಅವಮಾನ ಆಗ್ತಿದ್ರೆ, ಗುಂಪು ಒಬ್ರನ್ನ ಗುರಿ ಮಾಡ್ತಿದ್ರೆ, ಅದೂ ತಕ್ಷಣ, ಅದನ್ನ "ಮಕ್ಕಳೇ ಬಗೆಹರಿಸ್ಕೊಳ್ತಾರೆ" ಅಂತ ಬಿಡೋದು ತಪ್ಪು, ಅಲ್ಲಿ ಬಲ ಇರೋರು ಗೆಲ್ತಾರೆ ಅಷ್ಟೇ. ಬರೀ ಕೆಲಸ ಕೆಡ್ತಿದೆ, ಲೇಟ್ ಆಗ್ತಿದೆ, ಅಡುಗೆ ಸೀದೋಗ್ತಿದೆ, ಟೆಂಟ್ ಡೊಂಕಾಗಿದೆ ಅಂದ್ರೆ ಕೈ ಜೇಬಲ್ಲಿ ಇರ್ಲಿ. ಹೊಟ್ಟೆ ತುಂಬೋಕೆ ಬೇರೆ ಏನಾದ್ರೂ ರಿಸರ್ವ್ ಇಟ್ಟಿರಿ, ಆದ್ರೆ ಸೀದಿದ್ದನ್ನ ನೋಡಿದ ಮೇಲೆ ಕೊಡಿ.

ಮಗು ಹೆದರಿದ್ರೆ ತಳ್ಳಬೇಡಿ, ಹಂಗಂತ ಪೂರ್ತಿ ಬಿಟ್ಟೂ ಬಿಡ್ಬೇಡಿ. ಗೊತ್ತಿರೋ ಜಾಗದಲ್ಲೇ ಇದ್ರೆ ಕಲಿಕೆ ಇಲ್ಲ, ಗಾಬರಿಯಲ್ಲಿ ಮುಳುಗಿದ್ರೂ ಇಲ್ಲ, ಎರಡರ ಮಧ್ಯೆ ಸ್ವಲ್ಪ ಎದೆ ಹೊಡ್ಕೊಳ್ಳೋ ಜಾಗ ಇದೆಯಲ್ಲ, ಅಲ್ಲಿ ಇದೆ. ಆ ಜಾಗ ಒಬ್ಬೊಬ್ಬರಿಗೆ ಒಂದೊಂದು ಕಡೆ. ಒಬ್ಬನಿಗೆ ಬಂಡೆ ತುದಿ, ಇನ್ನೊಬ್ಬಳಿಗೆ ಎಲ್ಲರ ಮುಂದೆ ಎರಡು ಮಾತು ಆಡೋದು. ಎಷ್ಟು ಎತ್ತರ ಹತ್ಬೇಕು ಅನ್ನೋದು ಮಗು ತೀರ್ಮಾನ ಮಾಡ್ಲಿ, ಹತ್ತೋಕೆ ಮುಂಚೆನೇ ಹೇಳ್ಲಿ. ಹತ್ತಲ್ಲ ಅಂದ್ರೆ ಹಗ್ಗ ನೋಡ್ಕೊಳ್ಳೋರಿಗೆ ಸಹಾಯ ಮಾಡೋದೋ ಹುರಿದುಂಬಿಸೋದೋ ಒಂದು ಕೆಲಸ ಇರ್ಲಿ, ಗುಂಪಿಂದ ಹೊರಗೆ ಕೂರೋದು ಮಾತ್ರ ಬೇಡ.

ಮಾತಾಡಿಸೋ ಹೊತ್ತು

ಡೇವಿಡ್ ಕೋಲ್ಬ್ ಅನ್ನೋ ಶಿಕ್ಷಣ ತಜ್ಞ 1984ರಲ್ಲಿ ಅನುಭವದಿಂದ ಕಲಿಯೋದು ಒಂದು ಚಕ್ರ ಅಂತ ವಿವರಿಸಿದ್ರು, ಮಾಡೋದು, ಹಿಂದೆ ತಿರುಗಿ ನೋಡೋದು, ಅದರಿಂದ ಒಂದು ತಿಳುವಳಿಕೆ ಕಟ್ಕೊಳ್ಳೋದು, ಮತ್ತೆ ಮಾಡಿ ನೋಡೋದು. ನಾವು ಮಾಡಿಸೋದಷ್ಟೇ ಮಾಡಿ ಎರಡನೇದನ್ನ ಟೈಮ್ ಇಲ್ಲ ಅಂತ ಕತ್ತರಿಸ್ತೀವಿ, ಆಮೇಲೆ ಮಕ್ಕಳು ಏನೂ ಕಲೀಲಿಲ್ಲ ಅಂತೀವಿ.

ದಿನಕ್ಕೆ ಎರಡು ಸಲ, ಒಂದೊಂದು 15-20 ನಿಮಿಷ, ಅದಕ್ಕಿಂತ ಎಳೀಬೇಡಿ. ವೃತ್ತದಲ್ಲಿ ಕೂರಿಸಿ, ನೀವೂ ನೆಲದ ಮೇಲೇ. ಟೆರ್ರಿ ಬೋರ್ಟನ್ ಅನ್ನೋ ಶಿಕ್ಷಕರು 1970ರಲ್ಲಿ ಕೊಟ್ಟ ಮೂರು ಪ್ರಶ್ನೆ ಸಾಕು: ಏನಾಯ್ತು, ಅದಕ್ಕೇನು ಅರ್ಥ, ಇನ್ನು ಏನು ಮಾಡೋಣ. ಮೊದಲನೇದ್ರಲ್ಲಿ ಬರೀ ನಡೆದಿದ್ದು, "ಅವನು ಸೋಮಾರಿ" ಅಂತ ಅನ್ನಂಗಿಲ್ಲ, "ಅವನು ಪಾತ್ರೆ ತೊಳೆಯೋಕೆ ಬರಲಿಲ್ಲ" ಅನ್ನಬಹುದು. ಈ ವ್ಯತ್ಯಾಸ ಮಕ್ಕಳಿಗೆ ಎರಡೇ ದಿನಕ್ಕೆ ಹತ್ತತ್ತೆ, ಆಮೇಲೆ ಅವರೇ ಒಬ್ಬರನ್ನೊಬ್ಬರು ತಿದ್ದುತಾರೆ. ಪ್ರಶ್ನೆ ಕೇಳಿ ಹತ್ತು ಸೆಕೆಂಡ್ ಸುಮ್ನಿರಿ, ಆ ಮೌನ ನಿಮಗೇ ಜಾಸ್ತಿ ಕಷ್ಟ. ಮಾತಾಡದ ಮಕ್ಕಳಿಗೆ ಒಂದು ಕಲ್ಲೋ ಎಲೆಯೋ ತಂದು ಇವತ್ತಿನ ದಿನ ಇದರ ತರ ಇತ್ತು ಅಂತ ಹೇಳೋಕೆ ಬಿಡಿ. ಕೊನೆಯಲ್ಲಿ ನೀತಿ ಪಾಠ ಹೇಳೋಕೆ ಹೋಗ್ಬೇಡಿ, ಮಕ್ಕಳು ಕಷ್ಟಪಟ್ಟು ಹುಡುಕಿದ್ದನ್ನ ಕಿತ್ಕೊಂಡು ನಮ್ಮದು ಅಂತ ಹೇಳ್ದಂಗಾಗತ್ತೆ.

ರಾತ್ರಿ

ಮಕ್ಕಳಿಗೆ 12 ವಯಸ್ಸಿನವರೆಗೂ 9ರಿಂದ 12 ಗಂಟೆ, 13 ದಾಟಿದೋರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕ್ಯಾಂಪಲ್ಲಿ ನಿದ್ದೆ ಕದ್ದು ಆ್ಯಕ್ಟಿವಿಟಿ ತುಂಬಿದ್ರೆ ಮಾರನೇ ದಿನ ಕಾಣೋ ಕೆಟ್ಟ ನಡವಳಿಕೆಯಲ್ಲಿ ಅರ್ಧ ಬರೀ ನಿದ್ದೆಗೇಡು. ಮೊದಲ ರಾತ್ರಿ ಮಲಗಲ್ಲ, ಅದು ಗೊತ್ತಿರೋದೇ, ಹಂಗಾಗಿ ಎರಡನೇ ದಿನ ಮಧ್ಯಾಹ್ನ ಒಂದು ಗಂಟೆ ಎಲ್ಲರೂ ಮಲಗೋ ಟೈಮ್ ಇಡಿ.

ಮನೆ ನೆನಪಾಗಿ ಅಳೋ ಮಗುಗೆ "ಅಳ್ಬೇಡ, ನೀನು ದೊಡ್ಡವನಾದೆ" ಅನ್ಬೇಡಿ. ಪ್ರೀತಿಸೋ ಮನೆ ಇದ್ದವರಿಗೇ ಅದು ಬರೋದು ಅಂತ ಹೇಳಿ, ಮನೆಯಲ್ಲಿ ಈಗ ಏನು ಮಾಡ್ತಿರ್ತಾರೆ ಅಂತ ಕೇಳಿ ಮಾತಾಡೋಕೆ ಬಿಡಿ, ಬೆಳಗ್ಗೆ ಒಂದು ಖಚಿತ ಕೆಲಸ ಒಪ್ಪಿಸಿ. "ನಾಳೆ ಆರಕ್ಕೆ ನೀರು ತುಂಬಿಸೋಕೆ ನೀನು ಬೇಕು" ಅನ್ನೋ ಮಾತಲ್ಲಿರೋ ಬಲ ಯಾವ ಸಮಾಧಾನದಲ್ಲೂ ಇಲ್ಲ. ತಾನು ಬೇಕಾದವನು ಅಂತ ಗೊತ್ತಾದ ಮಗು ಸಾಮಾನ್ಯವಾಗಿ ಮೂರನೇ ರಾತ್ರಿಗೆ ಇನ್ನೊಬ್ಬರಿಗೆ ಸಮಾಧಾನ ಮಾಡ್ತಿರತ್ತೆ.

ವಾಪಸ್ ಬಂದ ಮೇಲೆ

1997ರಲ್ಲಿ ಜಾನ್ ಹ್ಯಾಟಿ ಅನ್ನೋ ಶಿಕ್ಷಣ ಸಂಶೋಧಕ ಮತ್ತೆ ಜೊತೆಯವರು ಸಾಹಸ ಶಿಕ್ಷಣದ ಬಗ್ಗೆ ಆಗಿದ್ದ 96 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಬೇರೆ ಎಷ್ಟೋ ಶಿಕ್ಷಣ ಕಾರ್ಯಕ್ರಮಗಳ ಪರಿಣಾಮ ಮುಗಿದ ಮೇಲೆ ಇಳೀತಾ ಹೋಗತ್ತೆ, ಇದರಲ್ಲಿ ಮುಗಿದ ಮೇಲೂ ಇನ್ನಷ್ಟು ಏರಿತ್ತು. ಹಂಗೇ ಒಂದೊಂದು ಕಾರ್ಯಕ್ರಮಕ್ಕೂ ಮಧ್ಯೆ ತುಂಬಾ ವ್ಯತ್ಯಾಸ ಇತ್ತು ಅನ್ನೋದನ್ನೂ ಅವರು ಹೇಳಿದ್ರು. ಹಂಗಾಗಿ ಬಸ್ ಇಳಿದ ತಕ್ಷಣ ನಮ್ಮ ಕೆಲಸ ಮುಗೀತು ಅಂದ್ಕೊಂಡ್ರೆ ಐದು ದಿನದ ಶ್ರಮ ನೀರಲ್ಲಿ ಹೋಮ ಮಾಡ್ದಂಗೆ.

ಮೊದಲನೇ ವಾರ ಕ್ಲಾಸಲ್ಲಿ ಗುಂಪು ಕೆಲಸ ಕೊಡುವಾಗ ಕ್ಯಾಂಪಿನ ಸರದಿ ಚಾರ್ಟನ್ನೇ ಗೋಡೆಗೆ ಹಾಕಿ, ಗಣಿತದ ಗುಂಪಿಗೂ ಟೈಮ್ ನೋಡೋರು, ಕೊನೆಯವರನ್ನ ನೋಡ್ಕೊಳ್ಳೋರು ಇರ್ಲಿ. ಕ್ಯಾಂಪಿಗೆ ಬರದೇ ಇದ್ದ ಟೀಚರ್‌ಗಳಿಗೂ ಹೇಳಿ, ಅಲ್ಲಿ ಲೀಡ್ ಮಾಡಿ ಬಂದ ಮೆತ್ತನೆ ಹುಡುಗಿ ಇಲ್ಲಿ ಮತ್ತೆ ಹಿಂದಿನ ಬೆಂಚಿಗೆ ಹೋಗದ ಹಂಗೆ ನೋಡ್ಕೊಳ್ಳೋದು ಅವರ ಕೈಯಲ್ಲೂ ಇದೆ. ಆ ಚೀಟಿ ನೆನಪಿದೆಯಲ್ಲ, ಮೂರು ಹೆಸರು ಬರೆಸಿದ್ದು. ಮೂರು ವಾರ ಬಿಟ್ಟು ಮತ್ತೆ ಅದೇ ಬರೆಸಿ, ಯಾರೂ ಬರೆಯದೇ ಇದ್ದ ಆ ಹೆಸರು ಈ ಸಲ ಒಂದು ಚೀಟಿಯಲ್ಲಾದ್ರೂ ಬಂದಿದೆಯಾ ನೋಡಿ. ಬಂದಿಲ್ಲ ಅಂದ್ರೆ ಆ ಮಗುವಿಗಾಗಿ ಇನ್ನೂ ಕೆಲಸ ಬಾಕಿ ಇದೆ, ಕ್ಲಾಸಲ್ಲಿ ಸೀಟ್ ಎಲ್ಲಿ, ಯಾರ ಜೊತೆ ಪ್ರಾಜೆಕ್ಟ್ ಅನ್ನೋದ್ರಿಂದ ಶುರು ಮಾಡಿ.

ಕೊನೇ ದಿನದ ಕಾಗದ: ಪ್ರತಿ ಮಗುನೂ ತನಗೆ ತಾನೇ ಬರ್ಕೊಳ್ಳೋದು, ನಾನು ಇಲ್ಲಿ ಏನು ಮಾಡ್ದೆ, ಸ್ಕೂಲಲ್ಲಿ ಯಾವ ಒಂದು ವಿಷಯ ಬೇರೆ ತರ ಮಾಡ್ತೀನಿ ಅಂತ. ಕವರ್ ಅಂಟಿಸಿ ಮೇಲೆ ಹೆಸರು ಬರೆದು ನಿಮಗೆ ಕೊಡ್ಲಿ, ನೀವು ಓದಬಾರದು. ಆರು ವಾರ ಆದಮೇಲೆ ಅದೇ ಗುಂಪುಗಳನ್ನ ಮೈದಾನದಲ್ಲಿ ಅದೇ ತರ ವೃತ್ತದಲ್ಲಿ ಕೂರಿಸಿ ವಾಪಸ್ ಕೊಡಿ. ಓದಿ ಮುಗಿಸಿದ ಮೇಲೆ ಒಂದು ಕೆಲಸ ಒಪ್ಪಿಸಿ: ಮುಂದಿನ ವರ್ಷ ಹೋಗೋ ಮಕ್ಕಳಿಗೆ ಬ್ಯಾಗಲ್ಲಿ ಏನಿಡ್ಬೇಕು, ಮೊದಲ ರಾತ್ರಿ ಹೆಂಗಿರತ್ತೆ, ಎರಡನೇ ದಿನ ಜಗಳ ಆದ್ರೆ ಏನು ಮಾಡ್ಬೇಕು ಅಂತ ಒಂದು ಪಟ್ಟಿ ಮಾಡಿ, ಅದನ್ನ ಆ ಕ್ಲಾಸಿಗೆ ಹೋಗಿ ಹೇಳೋಕೆ ಇಬ್ಬರನ್ನ ಅವರೇ ಆರಿಸ್ಲಿ.